ತೊಂಬತ್ತೆಂಬ ತೊಡಕು: ಕೊಳ್ಳೇಗಾಲದ ಸೀಮೆಯ ಎರಡು ಎಣಿಕೆಗಳು
ಕೊಳ್ಳೇಗಾಲವು ೧೯೫೬ರ ನವೆಂಬರ್ ೧ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರ ಭಾಗವಾಗಿದ್ದಿತು. ನೆರೆಯ ಯಳಂದೂರಾದರೋ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದೊಳಗಿದ್ದಿತು. ಗಡಿಯು ಹೀಗೆ ಸರಿದಾಡಿದ ಈ ಸೀಮೆಯಲ್ಲಿ ತಮಿಳು ಮನೆಮಾತಿನ ಮಕ್ಕಳೂ ಕನ್ನಡದಲ್ಲಿ ಲೆಕ್ಕ ಕಲಿಯುವುದುಂಟು. ಅವರು ಎಲ್ಲಿ ಎಡವಬಹುದು, ಏಕೆ ಎಡವಬಹುದು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಎಂಬತ್ತರವರೆಗೆ ತೊಡಕಿಲ್ಲ. ನಮ್ಮ ಇಪ್ಪತ್ತು ತಮಿಳಿನ ಇರುಬದು. ನಮ್ಮ ಎಂಬತ್ತು ಅಲ್ಲಿ ಎಣ್ಬದು. ಎರಡರಲ್ಲಿಯೂ ಹತ್ತರ ಸ್ಥಾನವನ್ನು ಮೊದಲು ನುಡಿದು ಬಿಡಿಯನ್ನು ಅನಂತರ ನುಡಿಯುತ್ತಾರೆ. ಇಪ್ಪತ್ತೊಂದು ಎಂಬುದನ್ನು ನುಡಿದಂತೆಯೇ ೨೧ ಎಂದು ಬರೆಯಬಹುದು. (ಹಿಂದಿಯ ಇಕ್ಕೀಸಿನಲ್ಲಿ ಒಂದು ಮೊದಲು ಬರುತ್ತದೆ; ನೂರರವರೆಗಿನ ಹೆಸರುಗಳನ್ನು ಅಲ್ಲಿನ ಮಕ್ಕಳು ಬಹುಮಟ್ಟಿಗೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಆ ಭಾರ ನಮ್ಮ ಮಕ್ಕಳಿಗಿಲ್ಲ.)

ಎಂಬತ್ತಾದ ಮೇಲೆ ದಾರಿ ಕವಲೊಡೆಯುತ್ತದೆ. ಕನ್ನಡದ ತೊಂಬತ್ತು 'ಪತ್ತು' ಎಂದು ಮುಗಿದರೆ ತಮಿಳಿನ ತೊಣ್ಣೂಱು 'ನೂಱು', ಎಂದರೆ ನೂರು, ಎಂದು ಮುಗಿಯುತ್ತದೆ. ನಮ್ಮ ಒಂಬೈನೂರಕ್ಕೆ ತಮಿಳರು ತೊಳ್ಳಾಯಿರಂ ಎನ್ನುತ್ತಾರೆ, ಆಯಿರವೆಂದರೆ ಸಾವಿರ. ಇದು ವಿಚಿತ್ರವೆಂದು ನಗುವ ಮುನ್ನ ನಮ್ಮ ಒಂಬತ್ತನ್ನೇ ನೋಡಬೇಕು. ಅದರ ಕೊನೆಯಲ್ಲಿಯೂ ಹತ್ತು ಇದೆ! ಹತ್ತಕ್ಕೆ ಒಂದು ಕಡಮೆ ಎಂದು ಅದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಒಂಬತ್ತರಲ್ಲಿ ಹತ್ತು, ತೊಂಬತ್ತರಲ್ಲಿ ನೂರು, ಒಂಬೈನೂರರಲ್ಲಿ ಸಾವಿರ ಎಂದು ತಮಿಳು ಒಂದೇ ಪದ್ಧತಿಯನ್ನು ಕೊನೆಯವರೆಗೆ ನಡೆಯಿಸಿದೆ. ನಡುವೆ ದಾರಿ ಬದಲಿಸಿದವರು ನಾವು.

ಇನ್ನು 'ತೊಂ' ಎಲ್ಲಿಯದು? ಹಳೆಯ ತಮಿಳಿನಲ್ಲಿ ಒಂಬತ್ತಕ್ಕೆ ತೊಂಡು ಎಂಬ ಹೆಸರಿದೆ. ತೆಲುಗಿನ ತೊಮ್ಮಿದಿ ಇಂದಿಗೂ ಬಳಕೆಯಲ್ಲಿದೆ. ಕನ್ನಡದ ಒಂಬತ್ತಿನಲ್ಲಿ ಇಲ್ಲದ ಈ ಹಳೆಯ ಅಂಶ ತೊಂಬತ್ತಿನಲ್ಲಿ ಅಡಗಿ ಉಳಿದಿದೆ.

ತಮಿಳಿನಲ್ಲಿ ೯೫ ತೊಣ್ಣೂಱ್ಱೈಂದು, ೧೦೫ ನೂಱ್ಱೈಂದು. ಮನೆಯಲ್ಲಿ ಇವನ್ನು ಕೇಳಿ ಬೆಳೆದ ಬಾಲಕನು ತರಗತಿಯಲ್ಲಿ 'ತೊಂಬತ್ತೈದು' ಎಂದೊಡನೆ ತಡವರಿಸಿದರೆ ಅವನನ್ನು ಮಂದಮತಿಯೆಂದು ಎಣಿಸುವುದು ಅನ್ಯಾಯ. ಹತ್ತುಹತ್ತು ಕಡ್ಡಿಗಳ ಒಂಬತ್ತು ಕಂತೆಗಳನ್ನು ಅವನ ಮುಂದಿರಿಸಿ, ಮೊದಲು ಮನೆಯ ಹೆಸರನ್ನೂ ಅನಂತರ ಶಾಲೆಯ ಹೆಸರನ್ನೂ ಹೇಳಿಸಿ, ಆಮೇಲೆ ಹಲಗೆಯ ಮೇಲೆ ೯೦ ಎಂದು ಬರೆಯಿಸುವುದು ಲೇಸೆಂದು ನಮಗೆ ತೋರುತ್ತದೆ.