ವರ್ಚುವಲ್ ಯಂತ್ರಗಳ ಜಾಲವೇಗ: ಉದ್ಯಮಿಗಳು ಅರಿಯಬೇಕಾದ ಅಂಶಗಳು

ಬೀಳಗಿ, ಮುಧೋಳ, ಜಮಖಂಡಿ ಭಾಗದ ಸಕ್ಕರೆ ಮತ್ತು ಬೆಲ್ಲದ ವ್ಯವಹಾರವಿರಲಿ, ರಬಕವಿ-ಬನಹಟ್ಟಿಯ ಸೀರೆಗಳ ವಹಿವಾಟಿರಲಿ, ಲೆಕ್ಕಪತ್ರವು ಇಂದು ಗಣಕಯಂತ್ರವನ್ನೇ ಅವಲಂಬಿಸಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಉದ್ಯಮಗಳಿಗೆ, ಕೆಲವು ವಿನಾಯಿತಿಗಳನ್ನು ಹೊರತುಪಡಿಸಿ, 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹೀಗಾಗಿ ಸರ್ವರ್ ನಿಧಾನವಾದರೆ ಸರಕು ತುಂಬಿದ ಲಾರಿಯೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಒಂದೇ ಸರ್ವರಿನಲ್ಲಿ ಲೆಕ್ಕಪತ್ರ, ದಾಸ್ತಾನು, ಹಾಜರಿ ಮುಂತಾದವುಗಳಿಗೆ ಪ್ರತ್ಯೇಕ ವರ್ಚುವಲ್ ಯಂತ್ರಗಳನ್ನು ನಿರ್ಮಿಸುವುದು ಮಿತವ್ಯಯದ ಕ್ರಮ. ಆದರೆ ಇದು ಒಂದೇ ಬಾಗಿಲಿರುವ ಶೆಡ್ಡಿನಲ್ಲಿ ಹಲವು ಮಗ್ಗಗಳನ್ನು ನಡೆಸಿದಂತೆ. ಎಲ್ಲ ಮಾಹಿತಿಯೂ ಅದೇ ಜಾಲಕಾರ್ಡಿನ ಮೂಲಕ ಹೊರಹೋಗಬೇಕು. ಇದಕ್ಕೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಅನುಕರಣೆ. ಇ1000ದಂತಹ ಆಯ್ಕೆಯು ಹಳೆಯ ನಿಜವಾದ ಕಾರ್ಡಿನಂತೆ ನಟಿಸುತ್ತದೆ. ಹೆಚ್ಚಿನ ಸಿದ್ಧತೆ ಬೇಡ. ಆದರೆ ನಟನೆಗೆ ಪ್ರೊಸೆಸರಿನ ಸಮಯ ವ್ಯಯವಾಗುತ್ತದೆ.

ಎರಡನೆಯದು ವರ್ಚುವಲ್ ಯಂತ್ರಕ್ಕೆಂದೇ ರೂಪಿಸಿದ ಕಾರ್ಡು. ವಿಎಂವೇರ್‌ನಲ್ಲಿ ವಿಎಂಎಕ್ಸ್‌ನೆಟ್3, ಕೆವಿಎಂನಲ್ಲಿ ವರ್ಟ್‌ಐಒ ಇಂತಹವು. ಪ್ರೊಸೆಸರಿನ ಹೊರೆ ತಗ್ಗುತ್ತದೆ. ವಿಂಡೋಸ್‌ನಲ್ಲಿ ವರ್ಟ್‌ಐಒ ಚಾಲಕ ತಂತ್ರಾಂಶವನ್ನು ಪ್ರತ್ಯೇಕವಾಗಿ ಅಳವಡಿಸಬೇಕು. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸಣ್ಣ ಉದ್ಯಮಗಳಿಗೆ ಈ ಮಾರ್ಗವೇ ಸೂಕ್ತ.

ಮೂರನೆಯದು ಎಸ್ಆರ್-ಐಒವಿ. ಒಂದು ಭೌತಿಕ ಕಾರ್ಡನ್ನು ಹಲವು ಭಾಗಗಳಾಗಿ ವಿಂಗಡಿಸಿ, ಪ್ರತಿ ಯಂತ್ರಕ್ಕೂ ಒಂದು ಭಾಗವನ್ನು ನೇರವಾಗಿ ಒಪ್ಪಿಸುತ್ತದೆ. ವೇಗ ಅಧಿಕ, ಆದರೆ ಕಾರ್ಡು, ಮದರ್‌ಬೋರ್ಡುಗಳೆರಡೂ ಇದಕ್ಕೆ ಒಪ್ಪಬೇಕು. ಚಾಲನೆಯಲ್ಲಿರುವ ಯಂತ್ರವನ್ನು ಬೇರೊಂದು ಸರ್ವರಿಗೆ ಸ್ಥಳಾಂತರಿಸುವುದೂ ಕಷ್ಟವಾಗುತ್ತದೆ. ಸಾಮಾನ್ಯ ಕಚೇರಿಗೆ ಇದರ ಅಗತ್ಯವಿಲ್ಲ.

ಯಾವುದಕ್ಕೂ ಹಣ ವ್ಯಯಿಸುವ ಮುನ್ನ ಅಳತೆ ಅವಶ್ಯ. ಉಚಿತವಾಗಿ ದೊರೆಯುವ ಐಪರ್ಫ್3 ತಂತ್ರಾಂಶದಿಂದ ಕಚೇರಿಯ ಗಣಕಕ್ಕೂ ವರ್ಚುವಲ್ ಯಂತ್ರಕ್ಕೂ ನಡುವಿನ ವೇಗವನ್ನು ಪರೀಕ್ಷಿಸಬಹುದು. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಸುಮಾರು 940 ಮೆಗಾಬಿಟ್ ದೊರೆತರೆ ಜಾಲದಲ್ಲಿ ದೋಷವಿಲ್ಲ. 95ರ ಆಸುಪಾಸಿನಲ್ಲಿಯೇ ನಿಂತರೆ, ಸಂಪರ್ಕವು 100 ಮೆಗಾಬಿಟ್‌ಗೆ ಇಳಿದಿರುವ ಸಂಭವವಿದೆ. ಕೇಬಲ್ ಅಥವಾ ಸ್ವಿಚ್ಚನ್ನು ಮೊದಲು ಪರಿಶೀಲಿಸಬೇಕು. ಕಚೇರಿಯೊಳಗಿನ ವೇಗ ಸರಿಯಿದ್ದು ಜಿ.ಎಸ್.ಟಿ. ಜಾಲತಾಣ ಮಾತ್ರ ನಿಧಾನವಾದರೆ, ಕಾರಣವು ಅಂತರ್ಜಾಲ ಸಂಪರ್ಕದಲ್ಲೋ ಆ ಜಾಲತಾಣದಲ್ಲೋ ಇರುತ್ತದೆ. ಹೊಸ ಸರ್ವರ್ ಕೊಂಡರೂ ಫಲವಿಲ್ಲ.

ಕಾರ್ಡಿನ ಬಗೆಯನ್ನು ಬದಲಿಸುವಾಗ ಎರಡು ಎಚ್ಚರಿಕೆಗಳು ಅಗತ್ಯ. ಮೊದಲು ದತ್ತಾಂಶದ ಪ್ರತಿಯನ್ನು ತೆಗೆದಿರಿಸಬೇಕು. ಹೊಸ ಕಾರ್ಡಿಗೆ ಹಳೆಯ ಐಪಿ ವಿಳಾಸವನ್ನು ಪುನಃ ನಮೂದಿಸಬೇಕಾಗುವುದರಿಂದ, ಅದನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕು. ಈ ಕೆಲಸವನ್ನು ತಿಂಗಳ ಕೊನೆಯಲ್ಲಾಗಲಿ, ರಿಟರ್ನ್ ಸಲ್ಲಿಸುವ ದಿನಗಳಲ್ಲಾಗಲಿ ಕೈಗೊಳ್ಳದೆ, ವಹಿವಾಟು ಕಡಿಮೆಯಿರುವ ದಿನ ಮಾಡುವುದು ಲೇಸು.