ಗಡ್ಡೆ ಅಂದಾಕ್ಷಣ ಕ್ಯಾನ್ಸರ್ ಅಲ್ಲ!

ಸಾರಕ್ಕಿ ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಕೂತು ವ್ಯಾಪಾರ ಮಾಡುವ ಹೆಂಗಸಿಗೆ ಹೊಟ್ಟೆ ಉಬ್ಬಿದರೆ ಅದು 'ಗ್ಯಾಸು'. ಒಂದು ಸೋಡಾ ಕುಡಿದರೆ ಸರಿಹೋಯ್ತು ಅಂತ ಲೆಕ್ಕ. ವಾರಗಟ್ಟಲೆ ಇಳಿಯದಿದ್ದಾಗ ಡಾಕ್ಟರು ಸ್ಕ್ಯಾನಿಂಗ್ ಬರೆಯುತ್ತಾರೆ. 'ಅಂಡಾಶಯದಲ್ಲಿ ಗಡ್ಡೆ' ಅಂತ ರಿಪೋರ್ಟು ಬರುತ್ತದೆ. ಅಲ್ಲಿಗೆ ಮನೆಮಂದಿಯ ಊಟ, ನಿದ್ದೆ ಎರಡೂ ಬಂದ್!

ತಾಳಿ ಸ್ವಾಮಿ. ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಮುಟ್ಟಾಗುವ ವಯಸ್ಸಿನವರಲ್ಲಿ ಬರೀ ನೀರು ತುಂಬಿದ ಸಣ್ಣ ಚೀಲವಾದರೆ ಎಷ್ಟೋ ಸಲ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಮುಟ್ಟು ನಿಂತ ಮೇಲೆ ಕಂಡರೆ ಮಾತ್ರ ಹೆಚ್ಚು ಎಚ್ಚರ ಬೇಕು.

ಯಾವುದು ಸಾಧು, ಯಾವುದು ಕೇಡು ಅಂತ ಗೊತ್ತಾಗುವುದು ಹೇಗೆ? ಅಲ್ಟ್ರಾಸೌಂಡಿನ ಪರದೆ ಮೇಲೆ ನೀರು ಕಪ್ಪಗೆ, ಗಟ್ಟಿ ಭಾಗ ಬೂದಿ ಬಣ್ಣದಲ್ಲಿ ಕಾಣುತ್ತದೆ. ಒಂದೇ ಕೋಣೆ, ನುಣುಪು ಗೋಡೆ, ರಕ್ತದ ಓಡಾಟವಿಲ್ಲ ಅಂದರೆ ಒಳ್ಳೆ ಲಕ್ಷಣ. ಅಂಕುಡೊಂಕಾದ ಗಟ್ಟಿ ಗಡ್ಡೆ, ಒಳಗೋಡೆಯಲ್ಲಿ ನಾಲ್ಕಕ್ಕೆ ಕಮ್ಮಿಯಿಲ್ಲದ ಮೊಳಕೆಗಳು, ಹೊಟ್ಟೆಯಲ್ಲಿ ನೀರು, ಜೋರು ರಕ್ತ ಸಂಚಾರ ಇದ್ದರೆ ಅನುಮಾನ. 2008ರಲ್ಲಿ 'ಅಯೋಟ' ಎಂಬ ಅಂತರರಾಷ್ಟ್ರೀಯ ತಜ್ಞರ ತಂಡ ಇಂಥ ಹತ್ತು ಲಕ್ಷಣ ಪಟ್ಟಿ ಮಾಡಿತು. ಐದು ಆ ಕಡೆ, ಐದು ಈ ಕಡೆ. ಎರಡೂ ಬೆರೆತಿದ್ದರೆ ನುರಿತ ತಜ್ಞರೇ ನೋಡಬೇಕು, ಇಲ್ಲವೇ ಎಂ.ಆರ್.ಐ. ಆಗಬೇಕು. ರೋಗ ಎಷ್ಟು ದೂರ ಹರಡಿದೆ ಅಂತ ನೋಡಲು ಸಿ.ಟಿ. ಆದರೂ ಕೊನೆಯ ಮಾತು, ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರದೇ.

ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಮಾತ್ರ ಅಂತ ನಾಚುವ ಅಜ್ಜಿಯರಿದ್ದಾರೆ. ಅವರಿಗೆ ಈ ಕಥೆ ಹೇಳಿ: ಗ್ಲಾಸ್ಗೋ ನಗರದಲ್ಲಿ ಒಬ್ಬ ಹೆಂಗಸಿಗೆ ಜಠರದ ಕ್ಯಾನ್ಸರ್, ಆಪರೇಷನ್ನೂ ಆಗದು ಅಂತ ಹೇಳಿಬಿಟ್ಟಿದ್ದರು. ಡಾಕ್ಟರ್ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡ್ ಇಟ್ಟು ನೋಡಿದರೆ ಅಂಡಾಶಯದ ದೊಡ್ಡ ನೀರಿನ ಚೀಲ! ತೆಗೆದರು, ಆಕೆ ಉಳಿದಳು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಅನುಮಾನವಿದ್ದರೆ ಸೂಜಿ ಚುಚ್ಚಿ ನೀರು ತೆಗೆಸಲು ಅವಸರ ಬೇಡ. ಕೇಡಿನದಾಗಿದ್ದರೆ ಹೊಟ್ಟೆಯೊಳಗೆಲ್ಲ ಚೆಲ್ಲೀತು. ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲವರ ಹತ್ತಿರ ಹೋಗಿ. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ನಮಗೇನು ದೂರವಲ್ಲ. ಹಳೇ ರಿಪೋರ್ಟು ಜೊತೆಗಿರಲಿ. ಮೊನ್ನೆಯ ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ ಹೇಳುವುದು ಅದೇ.

ಅರ್ಧ ದಿನ ಅಂಗಡಿ ಮುಚ್ಚಿದರೆ ನಾಳೆ ತೆರೆಯಬಹುದು. ಗ್ಯಾಸು ಅಂತ ವರ್ಷ ತಳ್ಳಿದರೆ ಹೋದ ಕಾಲ ಬರುವುದಿಲ್ಲ.