ದೋಷಸಂದೇಶವು ದಾರಿ ತೋರಿಸಬೇಕು

ಲೆಕ್ಕಪತ್ರ, ದಾಸ್ತಾನು, ಬಿಲ್ಲುಗಳೆಲ್ಲ ಗಣಕಯಂತ್ರದ ಡೇಟಾಬೇಸಿನಲ್ಲಿ ಸೇರಿರುವಾಗ, ಪರದೆಯ ಮೇಲೆ ಮೂಡುವ ಅಸ್ಪಷ್ಟ ದೋಷಸಂದೇಶವೊಂದು ಇಡೀ ದಿನದ ವ್ಯವಹಾರವನ್ನೇ ತಡೆದು ನಿಲ್ಲಿಸಬಲ್ಲದು.

ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿ ವರ್ತಕರ ಟಿನ್ ಸಂಖ್ಯೆ 11 ಅಂಕಿಗಳದ್ದಾಗಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದು, ನೋಂದಣಿ ಸಂಖ್ಯೆ 15 ಅಕ್ಷರಗಳದ್ದಾಯಿತು. ಹಳೆಯ ತಂತ್ರಾಂಶದ ಅಂಕಣದಲ್ಲಿ 11 ಅಕ್ಷರಗಳಿಗಷ್ಟೇ ಸ್ಥಳವಿದ್ದರೆ ಹೊಸ ಸಂಖ್ಯೆ ಅದರಲ್ಲಿ ಹಿಡಿಸದು. ಡೇಟಾಬೇಸ್ ಅದನ್ನು ನಿರಾಕರಿಸುವುದು ಯುಕ್ತವೇ. ಆದರೆ ನಿರಾಕರಣೆಯ ಕಾರಣವನ್ನು ಅದು ಹೇಗೆ ತಿಳಿಸುತ್ತದೆ ಎಂಬುದು ಮುಖ್ಯ.

ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ ಇಂತಹ ಸಂದರ್ಭದಲ್ಲಿ ಬಹುಕಾಲ ನೀಡುತ್ತಿದ್ದುದು 8152ನೆಯ ದೋಷಸಂದೇಶ. ಮಾಹಿತಿಯು ತುಂಡಾಗುವುದೆಂಬುದಷ್ಟೇ ಅದರ ಸಾರ. ಯಾವ ಕೋಷ್ಟಕ, ಯಾವ ಅಂಕಣ, ಯಾವ ನಮೂದು ಎಂಬುದರ ಸುಳಿವಿರಲಿಲ್ಲ. ಒಂದು ಬಿಲ್ಲಿಗೆ 40 ಅಂಕಣಗಳಿದ್ದರೆ ನಲವತ್ತನ್ನೂ ಪರಿಶೀಲಿಸಬೇಕಾಗುತ್ತಿತ್ತು. ಎಸ್‌ಕ್ಯೂಎಲ್ ಸರ್ವರ್ 2019ರ ಆವೃತ್ತಿಯಲ್ಲಿ ಇದರ ಸ್ಥಾನಕ್ಕೆ ಬಂದ 2628ನೆಯ ಸಂದೇಶವು ಕೋಷ್ಟಕ ಹಾಗೂ ಅಂಕಣಗಳ ಹೆಸರನ್ನೂ ತುಂಡಾದ ಮೌಲ್ಯವನ್ನೂ ತಿಳಿಸುತ್ತದೆ.

ಆರಕಲ್ ಡೇಟಾಬೇಸ್ ತನ್ನ 10ಜಿ ಆವೃತ್ತಿಯಲ್ಲಿಯೇ ಈ ಸುಧಾರಣೆಯನ್ನು ಕೈಗೊಂಡಿತ್ತು. ಅದರ 12899ನೆಯ ಸಂದೇಶವು ಅಂಕಣದ ಹೆಸರಿನೊಡನೆ, ನಮೂದಾದ ಉದ್ದವೆಷ್ಟು, ಗರಿಷ್ಠ ಮಿತಿಯೆಷ್ಟು ಎಂಬುದನ್ನೂ ಹೇಳುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಮುಖ್ಯ ಸಂದೇಶದ ಜೊತೆಗೆ ವಿವರ ಹಾಗೂ ಸಲಹೆಗಳಿಗೂ ಪ್ರತ್ಯೇಕ ಸ್ಥಾನ ಕಲ್ಪಿಸಲಾಗಿದೆ.

ಆದರೂ ಈ ಸಂದೇಶಗಳು ಮೂಲತಃ ತಂತ್ರಜ್ಞರಿಗಾಗಿ ಇರುವಂಥವು. ಅವುಗಳನ್ನು ಯಥಾವತ್ತಾಗಿ ಬಳಕೆದಾರರ ಮುಂದಿಡುವುದು ಉಚಿತವಲ್ಲ. ಕೋಷ್ಟಕಗಳ ಹೆಸರು ಹೊರಗಿನವರಿಗೆ ತಿಳಿದರೆ ದುರುಪಯೋಗಕ್ಕೂ ಎಡೆಯಾದೀತು. ತಾಂತ್ರಿಕ ವಿವರವು ದಾಖಲೆ ಕಡತಕ್ಕೆ ಸೇರಲಿ. ಬಿಲ್ಲು ಬರೆಯುವ ಗುಮಾಸ್ತರಿಗೆ ಬೇಕಾದುದು ಇಂತಹ ಸರಳ ಮಾತು: 'ಗ್ರಾಹಕರ ಜಿಎಸ್‌ಟಿ ಸಂಖ್ಯೆಗೆ 11 ಅಕ್ಷರಗಳ ಸ್ಥಳ ಮಾತ್ರವಿದೆ, ತಾವು 15 ಅಕ್ಷರಗಳನ್ನು ನಮೂದಿಸಿದ್ದೀರಿ. ಬಿಲ್ಲು ಉಳಿದಿಲ್ಲ. ತಂತ್ರಾಂಶ ಪೂರೈಕೆದಾರರಿಗೆ ತಿಳಿಸಿ.' ಏನು ತಪ್ಪಾಯಿತು, ಎಲ್ಲಿ ತಪ್ಪಾಯಿತು, ನಮೂದು ಉಳಿಯಿತೇ, ಮುಂದೇನು ಎಂಬ ನಾಲ್ಕು ಪ್ರಶ್ನೆಗಳಿಗೂ ಇದರಲ್ಲಿ ಉತ್ತರವಿದೆ.

ತಂತ್ರಾಂಶ ಕೊಳ್ಳುವಾಗ ಬೆಲೆಯನ್ನೂ ವಾರ್ಷಿಕ ನಿರ್ವಹಣಾ ಶುಲ್ಕವನ್ನೂ ವಿಚಾರಿಸುವ ಉದ್ಯಮಿಗಳು ಇದನ್ನೂ ಪರೀಕ್ಷಿಸುವುದು ಒಳಿತು. ಪ್ರಾತ್ಯಕ್ಷಿಕೆಯ ವೇಳೆ ಉದ್ದೇಶಪೂರ್ವಕವಾಗಿ ಒಂದು ತಪ್ಪು ದಿನಾಂಕ, ಒಂದು ಅತಿ ಉದ್ದದ ಹೆಸರು, ಈಗಾಗಲೇ ಬಳಸಿದ ಒಂದು ಬಿಲ್ಲಿನ ಸಂಖ್ಯೆ ನಮೂದಿಸಿ ನೋಡಬೇಕು. ಬರುವ ಉತ್ತರವು ತಮ್ಮ ಗುಮಾಸ್ತರಿಗೆ ಅರ್ಥವಾಗದಿದ್ದಲ್ಲಿ, ಅದನ್ನು ತಿದ್ದಿಕೊಡುವ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ಹಣ ಪಾವತಿಗೆ ಮುನ್ನ ಕೇಳಿದ ಈ ಸುಧಾರಣೆಯು, ಮುಂದೆ ಅಂಗಡಿಯಲ್ಲಿ ಗ್ರಾಹಕರನ್ನು ಕಾಯಿಸುವ ಪ್ರಸಂಗವನ್ನು ತಪ್ಪಿಸುತ್ತದೆ.